ಹಳೇ ಸೊಂಟ ನೋವಿಗೆ ಆಕ್ಯುಪಂಕ್ಚರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಆರು ವರ್ಷದಿಂದ ಸೊಂಟ ನೋವಿನ ಜೊತೆ ಏಗುತ್ತಿರುವವನು. ಎರಡು ಸಲ ಆಕ್ಯುಪಂಕ್ಚರ್ (ಮೈಗೆ ಸಣ್ಣ ಸೂಜಿ ಚುಚ್ಚುವ ಚೀನೀ ಚಿಕಿತ್ಸೆ) ಕೋರ್ಸ್ ಮಾಡಿಸಿಕೊಂಡಿದ್ದೇನೆ. ಮೊದಲ ಸಲ ಚೆನ್ನಾಗಿ ಅನುಕೂಲವಾಯಿತು, ಎರಡನೇ ಸಲ ಅಷ್ಟಕ್ಕಷ್ಟೇ. ಯಾಕೆ ಹೀಗೆ ಎಂದು ತಲೆ ಕೆಡಿಸಿಕೊಂಡು ಓದುತ್ತಾ ಹೋದೆ. "ಸೂಜಿ ಚುಚ್ಚಿಸಿಕೊಂಡ್ರಂತೆ, ಹೇಗಿತ್ತು?" ಎಂದು ಕೇಳುವವರೂ ಜಾಸ್ತಿಯಾದರು. ಅವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

"ಹಳೇ ಸೊಂಟ ನೋವು" ಅಂದರೆ ಎಷ್ಟು ಹಳೆಯದು?

12 ವಾರ ದಾಟಿದ್ದರೆ ಅದು ಹಳೇ ನೋವು. ಜಾಗ ಯಾವುದೆಂದರೆ, ಕೆಳಗಿನ ಪಕ್ಕೆಲುಬಿನಿಂದ ಪಿರ್ರೆಯ ತನಕ. ಮೊನ್ನೆ ಏನೋ ಭಾರ ಎತ್ತಿ ಉಳುಕಿದ್ದರೆ ಅದು ಬೇರೆ ಕಥೆ. ಅಂಥ ನೋವು ಬಹಳಷ್ಟು ಜನಕ್ಕೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ.

2020ರ ಅಂದಾಜಿನಂತೆ ಜಗತ್ತಿನಲ್ಲಿ 61.9 ಕೋಟಿ ಜನಕ್ಕೆ ಸೊಂಟ ನೋವಿತ್ತು. ಇವರಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ "ಇಗೋ, ಇದರಿಂದಲೇ ನೋವು" ಎಂದು ಬೆರಳಿಟ್ಟು ತೋರಿಸುವ ಕಾರಣ ಸಿಗುವುದಿಲ್ಲ. ಆಕ್ಯುಪಂಕ್ಚರ್ ಬಗ್ಗೆ ನಡೆದಿರುವ ಅಧ್ಯಯನಗಳಲ್ಲಿ ಹೆಚ್ಚಿನವು ಇಂಥವರ ಮೇಲೇ ನಡೆದಿವೆ.

ನನ್ನ ಎಂಆರ್‌ಐನಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆದಿದೆ ಅಂತ ಬಂದಿದೆ. ಅಂದರೆ ಕಾರಣ ಸಿಕ್ಕಿತು ಅಲ್ವಾ?

ಸಿಕ್ಕಿರಬಹುದು, ಸಿಕ್ಕದೆಯೂ ಇರಬಹುದು. ಬೆನ್ನು ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಹಾಕಿ 2015ರಲ್ಲಿ ಒಂದು ಲೆಕ್ಕ ಮಾಡಿದರು. 20ರ ವಯಸ್ಸಿನವರಲ್ಲೇ ನೂರಕ್ಕೆ 37 ಜನರ ಡಿಸ್ಕ್ ಸವೆದಿತ್ತು. 80ರವರಲ್ಲಿ ನೂರಕ್ಕೆ 96. ಯಾರಿಗೂ ನೋವಿರಲಿಲ್ಲ. ತಲೆಗೂದಲು ಬೆಳ್ಳಗಾಗುವ ಹಾಗೆ ಡಿಸ್ಕ್ ಕೂಡ ವಯಸ್ಸಾಗುತ್ತಾ ಸವೆಯುತ್ತದೆ. ರಿಪೋರ್ಟ್‌ನ ಆ ಸಾಲು ಓದಿ ನಾನು ಎರಡು ತಿಂಗಳು ಬಗ್ಗುವುದನ್ನೇ ಬಿಟ್ಟಿದ್ದೆ. ಈಗ ನೆನೆಸಿಕೊಂಡರೆ, ನೋವಿಗಿಂತ ಆ ಹೆದರಿಕೆಯೇ ಜಾಸ್ತಿ ಹಾಳು ಮಾಡಿತು.

ಸೀದಾ ಆಕ್ಯುಪಂಕ್ಚರ್‌ಗೆ ಹೋಗಬಹುದಾ, ಮೊದಲು ಡಾಕ್ಟರಿಗೆ ತೋರಿಸಬೇಕಾ?

ಒಮ್ಮೆ ಡಾಕ್ಟರಿಗೆ ತೋರಿಸಿ. ಕೆಲವು ಲಕ್ಷಣಗಳಿದ್ದರಂತೂ ಸೂಜಿಯ ಯೋಚನೆಯನ್ನೇ ಬದಿಗಿಡಿ. ತೊಡೆಯ ಸಂದಿ, ಗುದದ ಸುತ್ತ ಮರಗಟ್ಟಿದ ಹಾಗಾಗುವುದು, ಮೂತ್ರ ಬಾರದೆ ಕಟ್ಟಿಕೊಳ್ಳುವುದು ಅಥವಾ ತಿಳಿಯದೆ ಹೋಗುವುದು, ಎರಡೂ ಕಾಲು ಸೋಲುವುದು: ಇವು ಬೆನ್ನುಮೂಳೆಯ ಕೆಳಗಿನ ನರಗಳ ಗೊಂಚಲು ಒತ್ತಿಹೋಗಿರುವ ಸೂಚನೆ. ಆವತ್ತೇ, ಆ ಗಂಟೆಯೇ ಆಸ್ಪತ್ರೆಗೆ ಓಡಬೇಕು. ನಾಳೆ ನೋಡೋಣ ಎಂದು ಕೂತರೆ ಆ ನರಗಳು ಮತ್ತೆ ಸರಿಹೋಗದೇ ಇರಬಹುದು.

ಇನ್ನು ಕೆಲವು ಅಷ್ಟು ಅವಸರದವಲ್ಲ, ಆದರೆ ಬಿಡುವಂತೆಯೂ ಇಲ್ಲ. ನೋವಿನ ಜೊತೆ ಜ್ವರ, ಸುಮ್ನೆ ಸುಮ್ನೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದರೆ, ಬಿದ್ದ ಮೇಲೆ ಶುರುವಾದ ನೋವಾದರೆ, ಮೂಳೆ ಟೊಳ್ಳಾಗುವ ಕಾಯಿಲೆ (ಆಸ್ಟಿಯೋಪೊರೋಸಿಸ್) ಇದ್ದರೆ ಅಥವಾ ಬಹಳ ಕಾಲ ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ ಮೊದಲು ತಪಾಸಣೆ. ಮಲಗಿದರೂ, ಹೊರಳಿದರೂ, ಹೇಗಿದ್ದರೂ ಕಡಿಮೆಯಾಗದ ರಾತ್ರಿ ನೋವಿಗೂ ಇದೇ ಮಾತು.

ಆಕ್ಯುಪಂಕ್ಚರ್ ಎಲ್ಲಿಂದ ಬಂತು?

ಚೀನಾದಿಂದ. ಎರಡು ಸಾವಿರ ವರ್ಷಕ್ಕೂ ಹಳೆಯದು. ದೇಹದಲ್ಲಿ "ಚೀ" ಎಂಬ ಶಕ್ತಿ ಕೆಲವು ದಾರಿಗಳಲ್ಲಿ ಹರಿಯುತ್ತದೆ, ಅದು ಎಲ್ಲೋ ಕಟ್ಟಿಕೊಂಡರೆ ನೋವು ಬರುತ್ತದೆ, ಆ ದಾರಿಯ ಮೇಲಿನ ಬಿಂದುಗಳಲ್ಲಿ ಸೂಜಿ ಹಾಕಿದರೆ ಹರಿವು ಸರಿಹೋಗುತ್ತದೆ ಎಂಬುದು ಅವರ ಲೆಕ್ಕಾಚಾರ. ಇಂಥ 361 ಬಿಂದುಗಳನ್ನು ಪಟ್ಟಿ ಮಾಡಿದ್ದಾರೆ.

ಪಶ್ಚಿಮದವರಿಗೆ ಇದು 1971ರಲ್ಲಿ ಗೊತ್ತಾಯಿತು ಎಂದು ಎಲ್ಲರೂ ಹೇಳುತ್ತಾರೆ. ಆ ವರ್ಷ ಜೇಮ್ಸ್ ರೆಸ್ಟನ್ ಎಂಬ ಅಮೆರಿಕದ ಪತ್ರಕರ್ತನಿಗೆ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯಿತು. ಆಮೇಲೆ ಬಂದ ಹೊಟ್ಟೆಯ ನೋವಿಗೆ ಅಲ್ಲಿಯವರು ಸೂಜಿ ಹಾಕಿದರು. ಅದನ್ನು ಆತ ಪತ್ರಿಕೆಯಲ್ಲಿ ಬರೆದ. ಆದರೆ ಅದಕ್ಕೂ ಎಷ್ಟೋ ಮೊದಲು, 1892ರಲ್ಲೇ, ವಿಲಿಯಂ ಆಸ್ಲರ್ ಎಂಬ ದೊಡ್ಡ ವೈದ್ಯ ತನ್ನ ಪಠ್ಯಪುಸ್ತಕದಲ್ಲಿ ಸೊಂಟ ನೋವಿಗೆ ಸೂಜಿ ಚುಚ್ಚುವುದೇ ಒಳ್ಳೆಯ ಉಪಾಯ ಎಂದು ಬರೆದಿದ್ದ. ಬೇರೆ ಸೂಜಿ ಇಲ್ಲದಿದ್ದರೆ ಹೆಂಗಸರು ಟೋಪಿಗೆ ಸಿಕ್ಕಿಸುವ ಪಿನ್ನನ್ನೇ ಶುದ್ಧ ಮಾಡಿ ಬಳಸಬಹುದು ಎಂದೂ ಹೇಳಿದ್ದ. ಆ ಕಾಲದ ರೋಗಿಗಳ ಧೈರ್ಯ ಮೆಚ್ಚಬೇಕು.

ಸೂಜಿ ಎಷ್ಟು ದಪ್ಪ ಇರುತ್ತದೆ? ನೋಯುತ್ತದಾ?

ಇಂಜೆಕ್ಷನ್ ಸೂಜಿಯನ್ನು ಮನಸ್ಸಿನಿಂದ ತೆಗೆದುಹಾಕಿ. ಅದು ಒಳಗೆ ಟೊಳ್ಳು, ಔಷಧ ಹೋಗಬೇಕಲ್ಲ. ರಕ್ತ ತೆಗೆಯುವ ಸಾಮಾನ್ಯ ಸೂಜಿ ಸುಮಾರು 0.8 ಮಿಲಿಮೀಟರ್ ದಪ್ಪ. ಆಕ್ಯುಪಂಕ್ಚರ್ ಸೂಜಿ ಗಟ್ಟಿ ಸ್ಟೀಲ್ ಎಳೆ, ದಪ್ಪ 0.25 ಮಿಲಿಮೀಟರ್ ಆಸುಪಾಸು. ಬೆರಳಿನಿಂದ ಒತ್ತಿದರೆ ಬಾಗುತ್ತದೆ. ಅದಕ್ಕೇ ಅದನ್ನು ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿಟ್ಟು, ತಲೆಯ ಮೇಲೆ ಬೆರಳಿಂದ ಟಕ್ ಎಂದು ತಟ್ಟಿ ಒಳಗಿಳಿಸುತ್ತಾರೆ.

ಚರ್ಮ ದಾಟುವಾಗ ಸೊಳ್ಳೆ ಕಚ್ಚಿದಷ್ಟು. ಕೆಲವು ಗೊತ್ತೇ ಆಗುವುದಿಲ್ಲ. ನಿಜವಾದ ಅನುಭವ ಅದಾದ ಮೇಲಿನದು. ಸೂಜಿಯನ್ನು ಇನ್ನಷ್ಟು ಇಳಿಸಿ ಮೆಲ್ಲಗೆ ತಿರುಗಿಸಿದಾಗ ಒಳಗೆ ಏನೋ ಭಾರವಾದ ಹಾಗೆ, ಜುಂ ಎಂದ ಹಾಗೆ, ಯಾರೋ ಹೆಬ್ಬೆರಳಿನಿಂದ ಆಳವಾಗಿ ಒತ್ತಿದ ಹಾಗೆ ಆಗುತ್ತದೆ. ಚೀನೀಯರು ಇದಕ್ಕೆ "ದೆ ಚೀ" ಎನ್ನುತ್ತಾರೆ, ಇದು ಬಂದರೆ ಸೂಜಿ ಸರಿಯಾದ ಜಾಗಕ್ಕೆ ಕೂತಿತು ಎಂದು ಲೆಕ್ಕ. ಆದರೆ ಚುರುಕ್ಕೆಂದು ಉರಿದರೆ, ಅಥವಾ ಕರೆಂಟ್ ಹೊಡೆದ ಹಾಗೆ ಕಾಲಿನವರೆಗೆ ಸೆಳೆದರೆ ಸುಮ್ಮನಿರಬೇಡಿ. ತಕ್ಷಣ ಹೇಳಿ, ಸ್ವಲ್ಪ ಹಿಂದಕ್ಕೆ ಎಳೆಯುತ್ತಾರೆ. ಹಲ್ಲು ಕಚ್ಚಿಕೊಂಡು ಸಹಿಸಿದರೆ ಗುಣ ಜಾಸ್ತಿ ಎನ್ನುವುದೇನೂ ಇಲ್ಲ.

ಮೊದಲ ಸಿಟ್ಟಿಂಗ್ ಹೇಗಿರುತ್ತದೆ?

ಮಾತಿನಿಂದ ಶುರು. ನೋವು ಎಲ್ಲಿ, ಯಾವಾಗಿನಿಂದ, ಬೆಳಿಗ್ಗೆ ಜಾಸ್ತಿಯೋ ಸಂಜೆಯೋ, ಕೂತರೆ ಜಾಸ್ತಿಯೋ ನಿಂತರೆ ಜಾಸ್ತಿಯೋ, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದೆಲ್ಲ ಕೇಳುತ್ತಾರೆ. ಹಳೇ ಪದ್ಧತಿಯಲ್ಲಿ ಕಲಿತವರು ನಾಲಿಗೆ ತೋರಿಸಿ ಎನ್ನುತ್ತಾರೆ, ಎರಡೂ ಕೈಯ ನಾಡಿ ಹಿಡಿದು ನೋಡುತ್ತಾರೆ. ನಿದ್ದೆ, ಹೊಟ್ಟೆ, ಬೆವರು, ಎಲ್ಲದರ ವಿಚಾರಣೆ. ಇಪ್ಪತ್ತು ನಿಮಿಷ ಒಬ್ಬರು ಕೂತು ನಿಮ್ಮ ನೋವಿನ ಕಥೆ ಕೇಳುವುದೇ ಒಂದು ಚಿಕಿತ್ಸೆ ಅನ್ನಿಸುತ್ತದೆ. ಇದನ್ನು ತಮಾಷೆಗೆ ಹೇಳುತ್ತಿಲ್ಲ, ಮುಂದೆ ಈ ಮಾತಿಗೆ ಮತ್ತೆ ಬರುತ್ತೇನೆ.

ಆಮೇಲೆ ಬೋರಲು ಮಲಗಿಸುತ್ತಾರೆ. ಹೊಟ್ಟೆಯ ಕೆಳಗೆ, ಕಣಕಾಲಿನ ಕೆಳಗೆ ದಿಂಬು. ಸೊಂಟದ ಎರಡೂ ಬದಿ ಬೆರಳಿನಿಂದ ಒತ್ತುತ್ತಾ ಹೋಗುತ್ತಾರೆ, ಎಲ್ಲಿ "ಹಾ" ಎನ್ನುತ್ತೀರೋ ಅಲ್ಲಿ ನಿಲ್ಲುತ್ತಾರೆ. ಸ್ಪಿರಿಟ್ ಹತ್ತಿಯ ತಂಪು, ಕೊಳವೆಯ ಒತ್ತಡ, ಟಕ್. ಹೀಗೆ ಎಂಟರಿಂದ ಹದಿನೈದು ಸೂಜಿ. ಎಲ್ಲ ಹಾಕಿ ಮುಗಿದ ಮೇಲೆ ಇಪ್ಪತ್ತರಿಂದ ಮೂವತ್ತು ನಿಮಿಷ ಹಾಗೇ ಬಿಡುತ್ತಾರೆ.

ಮೊದಲ ಐದು ನಿಮಿಷ ನನಗೆ ಮೂಗು ಕೆರೆದುಕೊಳ್ಳಬೇಕು ಅನ್ನಿಸುವುದೇ ದೊಡ್ಡ ಹಿಂಸೆಯಾಗಿತ್ತು. ಕೈ ಎತ್ತಿದರೆ ಬೆನ್ನಿನ ಸೂಜಿಗೆ ಏನಾಗುತ್ತದೋ ಎಂಬ ಭಯ. ಆಮೇಲೆ ಎಡ ಸೊಂಟ ಬೆಚ್ಚಗಾಗುತ್ತಾ ಬಂತು. ತಿಂಗಳುಗಟ್ಟಲೆ ಮುಷ್ಟಿ ಕಟ್ಟಿಕೊಂಡಿದ್ದ ಒಂದು ಸ್ನಾಯು ಬೆರಳು ಬಿಚ್ಚಿದ ಹಾಗೆ. ಎದ್ದಾಗ ತಲೆ ಸ್ವಲ್ಪ ಹಗುರ ಅನ್ನಿಸಿತು. ಅದಕ್ಕೇ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಧಡಕ್ಕನೆ ಎದ್ದು ನಿಲ್ಲಲೂ ಬೇಡಿ. ಮೊದಲ ಸಲವಾದರೆ ವಾಪಸ್ ಬರುವಾಗ ಗಾಡಿಯನ್ನು ಬೇರೆಯವರು ಓಡಿಸಿದರೆ ಒಳ್ಳೆಯದು.

ನೋವು ಸೊಂಟದಲ್ಲಿ. ಸೂಜಿ ಮಂಡಿಯ ಹಿಂದೆ, ಪಾದದಲ್ಲಿ ಯಾಕೆ ಹಾಕುತ್ತಾರೆ?

ಚೀನೀ ಲೆಕ್ಕದಲ್ಲಿ, ಬೆನ್ನಿನ ಎರಡೂ ಬದಿ ಇಳಿದು, ತೊಡೆಯ ಹಿಂಭಾಗ ದಾಟಿ, ಕಾಲಿನ ಕಿರುಬೆರಳಿನ ತನಕ ಹೋಗುವ ಒಂದು ದಾರಿ ಇದೆ. ಸೊಂಟ ನೋವಿಗೆ ಹೆಚ್ಚಾಗಿ ಹಿಡಿಯುವ ಬಿಂದುಗಳು ಇದರ ಮೇಲೇ ಇವೆ. ಸೊಂಟದ ಎರಡನೇ ಮೂಳೆಯ ಪಕ್ಕದಲ್ಲಿರುವುದು ಶೆನ್‌ಶು. ಮಂಡಿಯ ಹಿಂದಿನ ಮಡಿಕೆಯ ನಟ್ಟನಡುವೆ ಇರುವುದು ವೇಯ್‌ಝೋಂಗ್. ಸೊಂಟ, ಬೆನ್ನಿನ ತೊಂದರೆಗೆ ವೇಯ್‌ಝೋಂಗ್ ಹುಡುಕು ಎಂದು ಅವರಲ್ಲಿ ಹಳೇ ಮಾತೇ ಇದೆ. ಕಾಲಿಗೆ ಸೆಳೆತ ಇದ್ದರೆ ಪಿರ್ರೆಯಲ್ಲಿರುವ ಇನ್ನೊಂದು ಬಿಂದುವನ್ನೂ ಸೇರಿಸುತ್ತಾರೆ, ಅದು ಹುವಾನ್‌ಟಿಯಾವೊ. ಇವುಗಳ ಜೊತೆಗೆ ಒತ್ತಿದರೆ ನೋಯುವ ಜಾಗಗಳೂ ಸೇರುತ್ತವೆ.

ಚೀ ನಂಬದವರಿಗೂ ಇದರಲ್ಲಿ ಸ್ವಲ್ಪ ಅರ್ಥ ಕಾಣುತ್ತದೆ. ಕಾಲಿನ ನರಗಳು ಹೊರಡುವುದು ಸೊಂಟದ ಮೂಳೆಗಳ ನಡುವಿನಿಂದಲೇ ಅಲ್ವಾ?

ಇದು ಕೆಲಸ ಮಾಡುವುದು ಹೇಗೆ?

ಚೀ ಹರಿಯುವ ದಾರಿಯನ್ನು ಯಾರೂ ದೇಹದೊಳಗೆ ಕಂಡಿಲ್ಲ. ಆದರೆ ಸೂಜಿ ಚುಚ್ಚಿದಾಗ ನರಗಳಲ್ಲಿ ಏನೋ ಆಗುತ್ತದೆ ಎಂಬುದಂತೂ ಗೊತ್ತಿದೆ. ಸೂಜಿ ಸ್ನಾಯುವಿನ ಸಣ್ಣ ನರಗಳನ್ನು ಎಬ್ಬಿಸುತ್ತದೆ. ಆ ಸುದ್ದಿ ಬೆನ್ನುಹುರಿಗೆ ಹೋಗುತ್ತದೆ, ಅಲ್ಲಿಂದ ಮೆದುಳಿಗೆ. ಮೆದುಳು ತನ್ನದೇ ನೋವು ನಿವಾರಕವಾದ ಎಂಡಾರ್ಫಿನ್ ಬಿಡುಗಡೆ ಮಾಡುತ್ತದೆ. 1976ರಲ್ಲಿ ಬ್ರೂಸ್ ಪೊಮೆರಾಂಝ್ ಇಲಿಗಳಿಗೆ ಎಂಡಾರ್ಫಿನ್ ಕೆಲಸವನ್ನು ತಡೆಯುವ ನಲಾಕ್ಸೋನ್ ಎಂಬ ಔಷಧ ಕೊಟ್ಟು ನೋಡಿದರು. ಆಗ ಸೂಜಿಯ ನೋವು ತಗ್ಗಿಸುವ ಗುಣವೇ ಹೊರಟುಹೋಯಿತು. 2010ರಲ್ಲಿ ಇನ್ನೊಂದು ತಂಡ, ಮತ್ತೆ ಇಲಿಗಳಲ್ಲೇ, ಸೂಜಿ ಚುಚ್ಚಿ ತಿರುಗಿಸಿದ ಜಾಗದಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಜಾಸ್ತಿಯಾಗುವುದನ್ನು ಕಂಡಿತು. ಅದೂ ನೋವಿನ ಸುದ್ದಿಯನ್ನು ಮಂದ ಮಾಡುತ್ತದೆ.

ಇಲಿಯ ಕಾಲು ಬೇರೆ, ಆರು ವರ್ಷ ಹಳೇ ಸೊಂಟ ನೋವು ಬೇರೆ. ಅದು ನೆನಪಿರಲಿ.

ನಿಜಕ್ಕೂ ಗುಣ ಕಾಣುತ್ತದಾ, ಇಲ್ಲ ಬರೀ ಮನಸ್ಸಿನ ಸಮಾಧಾನವಾ?

ಎಲ್ಲರೂ ಕೇಳಬೇಕಾದ ಪ್ರಶ್ನೆ ಇದೇ. ಉತ್ತರ ಸ್ವಲ್ಪ ವಿಚಿತ್ರವಾಗಿದೆ, ತಾಳ್ಮೆಯಿಂದ ಓದಿ.

ಜರ್ಮನಿಯಲ್ಲಿ 1,162 ರೋಗಿಗಳ ಮೇಲೆ ಒಂದು ದೊಡ್ಡ ಪ್ರಯೋಗ ನಡೆಯಿತು, ಫಲಿತಾಂಶ ಬಂದದ್ದು 2007ರಲ್ಲಿ. ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸರಿಯಾದ ಬಿಂದುಗಳಲ್ಲಿ ಆಳವಾಗಿ ಸೂಜಿ. ಇನ್ನೊಂದಕ್ಕೆ ಬಿಂದುವೇ ಅಲ್ಲದ ಕಡೆ, ಚರ್ಮದ ಕೆಳಗೆ ಒಂದೆರಡು ಮಿಲಿಮೀಟರ್ ಮಾತ್ರ ಚುಚ್ಚಿ ಬಿಟ್ಟರು, ಅಂದರೆ ನಕಲಿ. ಮೂರನೆಯದಕ್ಕೆ ಮಾಮೂಲಿ ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮ. ಆರು ತಿಂಗಳಾದ ಮೇಲೆ ನೋಡಿದರೆ, ಅಸಲಿ ಸೂಜಿಯವರಲ್ಲಿ ನೂರಕ್ಕೆ 47.6 ಜನಕ್ಕೆ ಸಾಕಷ್ಟು ಅನುಕೂಲವಾಗಿತ್ತು. ನಕಲಿಯವರಲ್ಲಿ 44.2. ಮಾಮೂಲಿ ಚಿಕಿತ್ಸೆಯವರಲ್ಲಿ 27.4.

ಇನ್ನೊಂದು ಸಲ ಓದಿ ನೋಡಿ. ಸೂಜಿ ಹಾಕಿಸಿಕೊಂಡವರು ಮಾಮೂಲಿ ಚಿಕಿತ್ಸೆಯವರಿಗಿಂತ ತುಂಬಾ ಮುಂದೆ. ಆದರೆ ಅಸಲಿಗೂ ನಕಲಿಗೂ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ!

2009ರಲ್ಲಿ ಅಮೆರಿಕದಲ್ಲಿ 638 ಜನರ ಮೇಲೆ ಇನ್ನೊಂದು ಪ್ರಯೋಗ ಆಯಿತು. ಅಲ್ಲಿ ನಕಲಿ ಗುಂಪಿಗೆ ಸೂಜಿಯೇ ಇಲ್ಲ. ಕೊಳವೆಯೊಳಗೆ ಹಲ್ಲುಕಡ್ಡಿ ಇಟ್ಟು, ಚರ್ಮದ ಮೇಲೆ ಟಕ್ ಎಂದು ತಟ್ಟಿ, ತಿರುಗಿಸಿ ತೆಗೆದರು. ಮಲಗಿದ್ದವರಿಗೆ ಹಿಂದೆ ಆಕ್ಯುಪಂಕ್ಚರ್ ಅನುಭವ ಇರಲಿಲ್ಲ, ಸೂಜಿ ಎಂದೇ ತಿಳಿದರು. ಎಂಟು ವಾರದ ನಂತರ ಸೂಜಿ ಗುಂಪುಗಳಲ್ಲೂ ಹಲ್ಲುಕಡ್ಡಿ ಗುಂಪಿನಲ್ಲೂ ನೂರಕ್ಕೆ ಸುಮಾರು 60 ಜನ ದಿನನಿತ್ಯದ ಕೆಲಸಗಳನ್ನು ಮೊದಲಿಗಿಂತ ಚೆನ್ನಾಗಿ ಮಾಡುತ್ತಿದ್ದರು. ಮಾಮೂಲಿ ಚಿಕಿತ್ಸೆಯಲ್ಲಿದ್ದವರಲ್ಲಿ 39.

2020ರಲ್ಲಿ 33 ಅಧ್ಯಯನಗಳನ್ನು, ಒಟ್ಟು 8,270 ರೋಗಿಗಳನ್ನು ಸೇರಿಸಿ ಮಾಡಿದ ಕಾಕ್ರೇನ್ (ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿ ನೋಡುವ ಸಂಸ್ಥೆ) ಪರಿಶೀಲನೆಯೂ ಹೆಚ್ಚುಕಡಿಮೆ ಇದನ್ನೇ ಹೇಳಿತು. ಏನೂ ಚಿಕಿತ್ಸೆ ಇಲ್ಲದಿರುವುದಕ್ಕಿಂತ ಆಕ್ಯುಪಂಕ್ಚರ್ ವಾಸಿ, ನಕಲಿಗೆ ಹೋಲಿಸಿದರೆ ರೋಗಿಗೆ ಗೊತ್ತಾಗುವಷ್ಟು ಹೆಚ್ಚುಗಾರಿಕೆ ಕಾಣುವುದಿಲ್ಲ ಎಂದು.

ಇದರ ಅರ್ಥವೇನು? ಜನ ಎರಡು ಕಡೆ ಎಳೆಯುತ್ತಾರೆ. "ನೋಡಿ, ಬರೀ ಮೋಸ" ಎನ್ನುವವರು ಒಂದು ಕಡೆ. "ಚರ್ಮ ಮುಟ್ಟಿದರೂ ನರಕ್ಕೆ ಗೊತ್ತಾಗುತ್ತದೆ, ಹಾಗಾಗಿ ನಕಲಿ ಪೂರ್ತಿ ನಕಲಿಯೇ ಅಲ್ಲ" ಎನ್ನುವವರು ಇನ್ನೊಂದು ಕಡೆ. ಎರಡನೆಯವರ ಮಾತಲ್ಲಿ ಸ್ವಲ್ಪ ಹುರುಳಿದೆ. ಆದರೆ ಸರಿಯಾದ ಬಿಂದು ಕೂದಲೆಳೆ ತಪ್ಪಿದರೂ ಉಪಯೋಗವಿಲ್ಲ ಎನ್ನುವ ಚಿಕಿತ್ಸಕರ ಮಾತು ಮಾತ್ರ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ನನಗೆ ತೋಚುವುದು ಇಷ್ಟು: ಗುಣದ ದೊಡ್ಡ ಪಾಲು ಬರುವುದು ಬಿಂದುವಿನಿಂದಲ್ಲ. ಯಾರೋ ಗಮನವಿಟ್ಟು ಕೇಳಿದ್ದು, ಮುಟ್ಟಿದ್ದು, ಅರ್ಧ ಗಂಟೆ ಅಲ್ಲಾಡದೆ ಮಲಗಿದ್ದು, ವಾಸಿಯಾಗುತ್ತದೆ ಎಂಬ ನಿರೀಕ್ಷೆ, ಎಲ್ಲ ಸೇರಿ ಬರುತ್ತದೆ. ನೋವನ್ನು ತಯಾರು ಮಾಡುವುದೇ ಮೆದುಳು. ಅದನ್ನು ಸಮಾಧಾನ ಮಾಡಿದರೆ ನೋವು ನಿಜವಾಗಿಯೇ ಇಳಿಯುತ್ತದೆ.

ಇನ್ನೊಂದು ವಿಷಯ. ಸೊಂಟ ನೋವು ಏರುತ್ತದೆ, ಇಳಿಯುತ್ತದೆ. ನಾವು ಚಿಕಿತ್ಸೆಗೆ ಓಡುವುದು ಅದು ಪೂರ್ತಿ ಏರಿದಾಗ. ಆಮೇಲೆ ಹೇಗೂ ಸ್ವಲ್ಪ ಇಳಿಯಲೇಬೇಕು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿ, ಹೆಸರು ಸೂಜಿಗೆ ಬಂದಿರುವುದೂ ಉಂಟು. ನನ್ನ ವಿಷಯದಲ್ಲೂ ಹಾಗೆ ಆಗಿರಬಹುದು.

ವೈದ್ಯಕೀಯ ಸಂಸ್ಥೆಗಳು ಏನು ಹೇಳುತ್ತವೆ?

ಒಂದೊಂದು ಒಂದೊಂದು ಹೇಳುತ್ತದೆ. ಯಾವ ಚಿಕಿತ್ಸೆ ಕೊಡಬಹುದು ಎಂದು ಸಲಹೆ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆಯದು ತಮಾಷೆ. 2009ರಲ್ಲಿ ಸೊಂಟ ನೋವಿಗೆ ಆಕ್ಯುಪಂಕ್ಚರ್ ಕೊಡಬಹುದು ಎಂದಿತು. 2016ರಲ್ಲಿ ಕೊಡಬೇಡಿ ಎಂದಿತು. 2021ರಲ್ಲಿ, ಕಾರಣ ಗೊತ್ತಿಲ್ಲದ ದೀರ್ಘಕಾಲದ ನೋವಿಗೆ ಬೇಕಾದರೆ ಒಂದು ಕೋರ್ಸ್ ನೋಡಬಹುದು ಎಂದಿತು. ರೋಗಿಗೆ ಇದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೇ ಕಾಣುತ್ತದೆ.

ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ, ಹಳೇ ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ನೋಡಬೇಕಾದ ಚಿಕಿತ್ಸೆಗಳಲ್ಲಿ ವ್ಯಾಯಾಮ, ಯೋಗದ ಜೊತೆ ಆಕ್ಯುಪಂಕ್ಚರನ್ನೂ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೊರತಂದ ಮಾರ್ಗಸೂಚಿಯಲ್ಲೂ ಇದಕ್ಕೆ ಜಾಗವಿದೆ, ಆದರೆ ಗಟ್ಟಿ ಶಿಫಾರಸಾಗಿ ಅಲ್ಲ, ಸಂದರ್ಭ ನೋಡಿ ಕೊಡಬಹುದು ಎಂದು. ಅದೇ ಮಾರ್ಗಸೂಚಿ ಸೊಂಟದ ಬೆಲ್ಟ್, ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವುದು), ಅಲ್ಟ್ರಾಸೌಂಡ್ ಶಾಖ ಇವೆಲ್ಲ ಮಾಮೂಲಿಯಾಗಿ ಬೇಡ ಎಂದಿರುವುದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ನನ್ನ ಬೀರುವಿನಲ್ಲಿ ಎರಡು ಬೆಲ್ಟ್ ಇವೆ.

ಎಷ್ಟು ಸಿಟ್ಟಿಂಗ್ ಬೇಕು?

ಒಂದರಲ್ಲಿ ಏನೂ ಗೊತ್ತಾಗುವುದಿಲ್ಲ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಹತ್ತು ಸಿಟ್ಟಿಂಗ್ ಕೊಟ್ಟಿದ್ದಾರೆ, ವಾರಕ್ಕೆ ಒಂದೋ ಎರಡೋ. ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ 2020ರಿಂದ ಹಳೇ ಸೊಂಟ ನೋವಿಗೆ ಆಕ್ಯುಪಂಕ್ಚರ್ ಖರ್ಚು ಕೊಡುತ್ತಿದೆ. ಅವರ ನಿಯಮ ನನಗೆ ಇಷ್ಟ: 90 ದಿನದಲ್ಲಿ 12 ಸಿಟ್ಟಿಂಗ್. ಸುಧಾರಿಸುತ್ತಿದ್ದರೆ ಇನ್ನು 8. ವರ್ಷಕ್ಕೆ ಒಟ್ಟು 20ಕ್ಕಿಂತ ಜಾಸ್ತಿ ಇಲ್ಲ. ಸುಧಾರಿಸದಿದ್ದರೆ ನಿಲ್ಲಿಸಬೇಕು.

ನನ್ನ ಸಲಹೆ, ಶುರು ಮಾಡುವ ಮೊದಲು ಒಂದು ಚೀಟಿಯಲ್ಲಿ ನಿಮಗೆ ಈಗ ಆಗದ ಮೂರು ಕೆಲಸ ಬರೆದಿಡಿ. ನನ್ನ ಚೀಟಿಯಲ್ಲಿ ಇದ್ದದ್ದು: ಕೂತು ಶೂ ಲೇಸ್ ಕಟ್ಟುವುದು, ನಲವತ್ತು ನಿಮಿಷ ಕುರ್ಚಿಯಲ್ಲಿ ಕೂರುವುದು, ರಾತ್ರಿ ಹೊರಳುವಾಗ ಎಚ್ಚರವಾಗದಿರುವುದು. ಆರನೇ ಸಿಟ್ಟಿಂಗ್ ಆದ ಮೇಲೆ ಚೀಟಿ ತೆಗೆದು ನೋಡಿ. ಒಂದರಲ್ಲೂ ಬದಲಾವಣೆ ಇಲ್ಲದಿದ್ದರೆ "ಇನ್ನೂ ಹತ್ತು ಬೇಕು" ಎನ್ನುವ ಮಾತಿಗೆ ತಲೆಯಾಡಿಸಬೇಡಿ. ನೋವು ಹತ್ತಕ್ಕೆ ಎಷ್ಟು ಎಂಬ ಲೆಕ್ಕ ದಿನಕ್ಕೊಂದು ಥರ ಬರುತ್ತದೆ. ಶೂ ಲೇಸ್ ಸುಳ್ಳು ಹೇಳುವುದಿಲ್ಲ.

ಬಂದ ಗುಣ ಎಷ್ಟು ದಿನ ಉಳಿಯುತ್ತದೆ?

ಮೊದಮೊದಲು ಒಂದು ದಿನ, ಎರಡು ದಿನ. ಸಿಟ್ಟಿಂಗ್ ಆಗುತ್ತಾ ಹೋದಂತೆ ಉಳಿಯುವ ಅವಧಿ ಬೆಳೆಯಬೇಕು. ಬೇರೆಬೇರೆ ಹಳೇ ನೋವುಗಳ 39 ಪ್ರಯೋಗಗಳನ್ನು, 20,827 ರೋಗಿಗಳನ್ನು ಒಟ್ಟಿಗೆ ನೋಡಿದ 2018ರ ವಿಶ್ಲೇಷಣೆಯಲ್ಲಿ, ಒಂದು ವರ್ಷದ ನಂತರವೂ ಲಾಭ ಹೆಚ್ಚು ಕರಗಿರಲಿಲ್ಲ, ಸುಮಾರು ಶೇ. 15ರಷ್ಟು ಮಾತ್ರ ಇಳಿದಿತ್ತು. ಅದು ಸರಾಸರಿ. ನನ್ನ ಎರಡನೇ ಕೋರ್ಸಿನದು ಎರಡು ತಿಂಗಳೂ ನಿಲ್ಲಲಿಲ್ಲ.

ಜಾರಿದ ಡಿಸ್ಕ್ ಸೂಜಿಯಿಂದ ಒಳಗೆ ಹೋಗುತ್ತದಾ?

ಇಲ್ಲ. ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಆದರೆ ಜಾರಿದ ಡಿಸ್ಕ್ ಎಷ್ಟೋ ಜನಕ್ಕೆ ಕೆಲವು ತಿಂಗಳಲ್ಲಿ ತಾನೇ ಕುಗ್ಗುತ್ತದೆ, ಆ ಹೊತ್ತಿಗೆ ನೀವು ಏನು ಮಾಡಿಸಿಕೊಳ್ಳುತ್ತಿದ್ದಿರೋ ಅದಕ್ಕೆ ಹೆಸರು ಬರುತ್ತದೆ.

ಅಪಾಯ ಏನೂ ಇಲ್ಲವಾ?

ಕಡಿಮೆ, ಆದರೆ ಇಲ್ಲವೆಂದಲ್ಲ. ಜರ್ಮನಿಯಲ್ಲಿ ವೈದ್ಯರಿಂದಲೇ ಆಕ್ಯುಪಂಕ್ಚರ್ ಮಾಡಿಸಿಕೊಂಡ 2,29,230 ರೋಗಿಗಳ ಲೆಕ್ಕ 2009ರಲ್ಲಿ ಬಂತು. ನೂರಕ್ಕೆ 8.6 ಜನಕ್ಕೆ ಏನಾದರೊಂದು ಸಣ್ಣಪುಟ್ಟ ತೊಂದರೆಯಾಗಿತ್ತು. ಹೆಚ್ಚಿನದು ಸೂಜಿ ತೆಗೆದ ಕಡೆ ರಕ್ತ ಜಿನುಗುವುದು, ನೀಲಿಗಟ್ಟುವುದು. ಶ್ವಾಸಕೋಶಕ್ಕೆ ಸೂಜಿ ತಗುಲಿ ಗಾಳಿ ಸೋರಿದ್ದು ಇಬ್ಬರಿಗೆ. ಇದು ಎದೆ, ಮೇಲು ಬೆನ್ನಿನ ಸೂಜಿಯ ಅಪಾಯ, ಸೊಂಟದ ಕೆಳಗೆ ಇದರ ಭಯ ಇಲ್ಲ. ಆದರೂ ಮೇಲು ಬೆನ್ನಿಗೆ ಹಾಕಿಸಿಕೊಂಡ ಮೇಲೆ ಉಸಿರು ಹಿಡಿದ ಹಾಗಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಸೋಂಕಿನ ಭಯಕ್ಕೆ ಔಷಧಿ ಒಂದೇ, ಒಂದು ಸಲ ಬಳಸಿ ಬಿಸಾಡುವ ಸೂಜಿ. ಪ್ಯಾಕೆಟ್ಟನ್ನು ನಿಮ್ಮೆದುರೇ ಹರಿಯಬೇಕು. "ನಿಮ್ಮ ಸೂಜಿ ನಿಮಗೇ ಎತ್ತಿಟ್ಟಿರುತ್ತೇವೆ" ಎನ್ನುವ ಕಡೆಗೆ ಕಾಲಿಡಬೇಡಿ.

ಇನ್ನು ನನ್ನದೊಂದು ಪ್ರಸಂಗ. ಒಂದು ಸಂಜೆ ಸಿಟ್ಟಿಂಗ್ ಮುಗಿಸಿ ಮನೆಗೆ ಬಂದು ಸಾಕ್ಸ್ ಬಿಚ್ಚುತ್ತಿದ್ದೆ. ಕಣಕಾಲಿನ ಹೊರಬದಿ ಏನೋ ಬಟ್ಟೆಗೆ ಸಿಕ್ಕಿಕೊಂಡಿತು. ನೋಡಿದರೆ ಸೂಜಿ! ತೆಗೆಯಲು ಮರೆತಿದ್ದರು. ಅಷ್ಟು ದೂರ ಅದರ ಮೇಲೇ ಓಡಾಡಿಕೊಂಡು ಬಂದಿದ್ದೆ. ನೆಟ್ಟಗೆ ಎಳೆದು ತೆಗೆದೆ, ಒಂದು ಹನಿ ರಕ್ತವೂ ಬರಲಿಲ್ಲ. ಆದರೆ ಆವತ್ತಿನಿಂದ ಮಲಗುವಾಗ "ಎಷ್ಟು ಹಾಕಿದ್ರಿ?" ಎಂದು ಕೇಳುತ್ತೇನೆ, ಏಳುವಾಗ "ಎಷ್ಟು ತೆಗೆದ್ರಿ?" ಎಂದು ಕೇಳುತ್ತೇನೆ. ನೀವೂ ನಾಚಿಕೆ ಬಿಟ್ಟು ಕೇಳಿ.

ಯಾರು ಮಾಡಿಸಿಕೊಳ್ಳಬಾರದು?

ರಕ್ತ ಹೆಪ್ಪುಗಟ್ಟದ ಕಾಯಿಲೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಹೋಗಬಾರದು. ಆ ಮಾತ್ರೆಯನ್ನು ಸೂಜಿಗಾಗಿ ನಿಲ್ಲಿಸುವುದಂತೂ ಬೇಡವೇ ಬೇಡ. ಪೇಸ್‌ಮೇಕರ್ ಇದ್ದರೆ ಕರೆಂಟ್ ಕೊಡುವ ಸೂಜಿ ಬೇಡ. ಗರ್ಭಿಣಿಯರು ಮೊದಲೇ ಹೇಳಬೇಕು, ಕೆಲವು ಬಿಂದುಗಳನ್ನು ಬಿಡುತ್ತಾರೆ. ಚರ್ಮದ ಮೇಲೆ ಹುಣ್ಣು, ಕೀವು ಇರುವ ಜಾಗಕ್ಕೆ ಚುಚ್ಚಬಾರದು. ಸೂಜಿ ಕಂಡರೆ ತಲೆ ತಿರುಗುವವರು ಅದನ್ನೂ ಹೇಳಿ.

ಸೂಜಿಗೆ ಕರೆಂಟ್, ಬೆಂಕಿ, ಬಟ್ಟಲು, ಇವೆಲ್ಲ ಏನು?

ಎರಡು ಸೂಜಿಗೆ ಕ್ಲಿಪ್ ಹಾಕಿ ಸಣ್ಣ ಕರೆಂಟ್ ಹರಿಸಿದರೆ ಅದು ಎಲೆಕ್ಟ್ರೋ ಆಕ್ಯುಪಂಕ್ಚರ್. ಸ್ನಾಯು ಟಪಟಪ ಎಂದು ಮಿಡಿಯುತ್ತದೆ. ಒಣಗಿಸಿದ ಒಂದು ಗಿಡದ ಎಲೆಯ ಬತ್ತಿ ಹಚ್ಚಿ ಶಾಖ ಕೊಡುವುದು ಮಾಕ್ಸಾ. ಬಟ್ಟಲಿನಿಂದ ಚರ್ಮ ಎಳೆದು ಹಿಡಿಯುವುದು ಕಪ್ಪಿಂಗ್. ಫಿಸಿಯೋಥೆರಪಿಯವರು ಮಾಡುವ ಡ್ರೈ ನೀಡ್ಲಿಂಗ್‌ನಲ್ಲಿ ಸೂಜಿ ಅದೇ, ಚೀ ಲೆಕ್ಕಾಚಾರ ಇಲ್ಲ, ಗಂಟು ಕಟ್ಟಿದ ಸ್ನಾಯುವಿಗೆ ನೇರವಾಗಿ ಚುಚ್ಚುತ್ತಾರೆ. ಆಕ್ಯುಪ್ರೆಷರ್‌ನಲ್ಲಿ ಸೂಜಿಯೇ ಇಲ್ಲ, ಬೆರಳಿನ ಒತ್ತಡ ಮಾತ್ರ.

ವಯಸ್ಸಾದವರಿಗೆ ಆಗುತ್ತದಾ?

ಆಗುತ್ತದೆ. 65 ದಾಟಿದ 800 ಜನರ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಆಕ್ಯುಪಂಕ್ಚರ್ ಸೇರಿಸಿಕೊಂಡವರ ಓಡಾಟ, ಕೆಲಸ ವರ್ಷದ ಕೊನೆಗೂ ಉತ್ತಮವಾಗಿತ್ತು. ಅಲ್ಲಿ ನಕಲಿ ಸೂಜಿಯ ಗುಂಪು ಇರಲಿಲ್ಲ ಎಂಬುದನ್ನೂ ಹೇಳಬೇಕು. ಹತ್ತಾರು ಮಾತ್ರೆ ನುಂಗುವ ವಯಸ್ಸಿನಲ್ಲಿ ಇನ್ನೊಂದು ಮಾತ್ರೆ ಸೇರದೆ ನೋವು ಇಳಿದರೆ ಅದೇನು ಸಣ್ಣ ಲಾಭವಲ್ಲ.

ಆಕ್ಯುಪಂಕ್ಚರ್ ಮಾಡಿಸಿದರೆ ವ್ಯಾಯಾಮ ಬೇಡ ಅಲ್ವಾ?

ನಾನು ತಪ್ಪು ಮಾಡಿದ್ದೇ ಇಲ್ಲಿ. ಮೊದಲ ಕೋರ್ಸ್‌ನಲ್ಲಿ ನೋವು ಇಳಿದ ಗಂಟೆಗಳಲ್ಲಿ ನಡೆಯಲು ಹೋಗುತ್ತಿದ್ದೆ. ಮೊದಲ ದಿನ ಏಳು ನಿಮಿಷ. ಮೂರನೇ ವಾರಕ್ಕೆ ಇಪ್ಪತ್ತೈದು. ಬಗ್ಗುವುದು, ಕುಕ್ಕರಗಾಲಲ್ಲಿ ಕೂರುವುದು, ಒಂದೊಂದನ್ನೇ ಮತ್ತೆ ಶುರು ಮಾಡಿದೆ. ಎರಡನೇ ಸಲ ಕೆಲಸದ ಒತ್ತಡ. ಸೂಜಿ ಹಾಕಿಸಿಕೊಂಡು ಬಂದು ಸೀದಾ ಕುರ್ಚಿಯಲ್ಲಿ ಕೂರುತ್ತಿದ್ದೆ. ಅದೇ ಚಿಕಿತ್ಸಕರು, ಅದೇ ಬಿಂದುಗಳು, ಅಷ್ಟೇ ಸಿಟ್ಟಿಂಗ್. ನಡಿಗೆ ಮಾತ್ರ ಇರಲಿಲ್ಲ.

ಸೂಜಿ ಸ್ನಾಯುವನ್ನು ಗಟ್ಟಿ ಮಾಡುವುದಿಲ್ಲ. ನೋವನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿಸುತ್ತದೆ. ಆ ಹೊತ್ತಿನಲ್ಲಿ ನೀವು ಏನು ಮಾಡುತ್ತೀರಿ ಎನ್ನುವುದರ ಮೇಲೆ ಮುಂದಿನ ಆರು ತಿಂಗಳು ನಿಂತಿರುತ್ತದೆ. ಹಾಗಂತ ನೋವಿಲ್ಲವೆಂದು ಅದೇ ದಿನ ಅಲಮಾರು ಸರಿಸಲು ಹೋಗಬೇಡಿ. ನಿನ್ನೆಗಿಂತ ಎರಡು ನಿಮಿಷ ಜಾಸ್ತಿ ನಡೆದರೆ ಸಾಕು.

ಮಾತ್ರೆ ನಿಲ್ಲಿಸಬಹುದಾ?

ಆಗಾಗ ನುಂಗುವ ಸಾಮಾನ್ಯ ನೋವಿನ ಮಾತ್ರೆ ತಾನಾಗೇ ಕಡಿಮೆಯಾಗಬಹುದು. ದಿನಾ ತೆಗೆದುಕೊಳ್ಳುವ ಮಾತ್ರೆ, ಅದರಲ್ಲೂ ನರಗಳ ನೋವಿನದು ಅಥವಾ ಓಪಿಯಾಯ್ಡ್ (ಅಫೀಮಿನ ಜಾತಿಯ ಬಲವಾದ ನೋವಿನ ಮಾತ್ರೆ) ಆದರೆ, ಕೊಟ್ಟ ಡಾಕ್ಟರನ್ನೇ ಕೇಳಿ ಮೆಲ್ಲಗೆ ಇಳಿಸಬೇಕು.

ಸೂಜಿ ಹಾಕಿಸಿಕೊಂಡ ರಾತ್ರಿ ನೋವು ಜಾಸ್ತಿಯಾಯಿತು. ಏನೋ ಎಡವಟ್ಟಾಯಿತಾ?

ಬಹುಶಃ ಇಲ್ಲ. ಒಂದೆರಡು ದಿನ ಮೈ ಕೈ ನೋಯುವ ಹಾಗೆ ಇರುವುದು ಮಾಮೂಲು. ಮೂರನೇ ದಿನಕ್ಕೂ ಇಳಿಯದಿದ್ದರೆ, ಅಥವಾ ಕಾಲಿನಲ್ಲಿ ಹೊಸದಾಗಿ ಮರಗಟ್ಟಿದ ಹಾಗಾದರೆ, ಮುಂದಿನ ಸಿಟ್ಟಿಂಗ್ ತನಕ ಕಾಯದೆ ಡಾಕ್ಟರಿಗೆ ತೋರಿಸಿ.

ಒಳ್ಳೆಯ ಚಿಕಿತ್ಸಕರನ್ನು ಗುರುತಿಸುವುದು ಹೇಗೆ?

ಎಲ್ಲಿ ಕಲಿತಿರಿ, ನೋಂದಣಿ ಇದೆಯಾ ಎಂದು ನೇರವಾಗಿ ಕೇಳಿ. ಬೇಜಾರು ಮಾಡಿಕೊಂಡರೆ ಅದೇ ಒಂದು ಉತ್ತರ. ಒಳ್ಳೆಯವರು ಮುಟ್ಟುವ ಮೊದಲು ಕೈ ತೊಳೆಯುತ್ತಾರೆ, ನಿಮ್ಮ ಕಾಯಿಲೆಗಳ ಪಟ್ಟಿ ಕೇಳುತ್ತಾರೆ, ಇಷ್ಟು ಸಿಟ್ಟಿಂಗ್ ನೋಡಿ ಆಗದಿದ್ದರೆ ಬಿಡೋಣ ಎಂದು ತಾವೇ ಹೇಳುತ್ತಾರೆ. ನೂರಕ್ಕೆ ನೂರು ಗ್ಯಾರಂಟಿ ಕೊಡುವವರು, ಮೊದಲ ದಿನವೇ ಮೂವತ್ತು ಸಿಟ್ಟಿಂಗ್‌ನ ಹಣ ಕಟ್ಟಿಸಿಕೊಳ್ಳುವವರು, ಡಾಕ್ಟರ ಮಾತ್ರೆ ಎಲ್ಲ ಎಸೆಯಿರಿ ಎನ್ನುವವರು ಸಿಕ್ಕರೆ ಅಲ್ಲಿಂದಲೇ ವಾಪಸ್ ಬನ್ನಿ.

ಸೂಜಿ ಇರುವಾಗ ನಿದ್ದೆ ಬಂದರೆ?

ಮಾಡಿ, ಬಹಳ ಜನ ಮಾಡುತ್ತಾರೆ. ಹೊರಳುವ ಅಭ್ಯಾಸ ಇದ್ದರೆ ಮಾತ್ರ ಮೊದಲೇ ಹೇಳಿಬಿಡಿ. ನನ್ನ ಪಕ್ಕದ ಪರದೆಯ ಆಚೆ ಒಬ್ಬರು ಪ್ರತಿ ಸಲ ಗೊರಕೆ ಹೊಡೆಯುತ್ತಿದ್ದರು. ಸೂಜಿ ತೆಗೆಯಲು ಬಂದವರು ಎರಡು ಸಲ ಕರೆದರೂ ಏಳುತ್ತಿರಲಿಲ್ಲ.